ಇಪ್ಪತ್ತೊಂದಕ್ಕೆ ಮುಗಿಯುವ ಗಡುವು, ಮೂವತ್ತಕ್ಕೆ ಬಾಯಿಗೆ ಬರುವ ಮಾತು

ಬ್ರಿಟನ್ ಸರ್ಕಾರ 2025ರ ಫೆಬ್ರುವರಿಯಲ್ಲಿ ಒಂದು ಘೋಷಣೆ ಮಾಡಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಪರಿಹಾರ ಕೇಳಿ ಸಿವಿಲ್ ಕೋರ್ಟಿಗೆ ಹೋಗಲು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೂರು ವರ್ಷದ ಗಡುವು ಇತ್ತು. ಅದನ್ನು ತೆಗೆದುಹಾಕುತ್ತೇವೆ ಅಂದಿತು. ಸುದ್ದಿ ಓದಿದ ಕೆಲವರಿಗೆ ಆಶ್ಚರ್ಯ: ಮಕ್ಕಳ ಮೇಲಿನ ದೌರ್ಜನ್ಯಕ್ಕೂ ಗಡುವು ಇರುತ್ತದಾ? ಇನ್ನು ಕೆಲವರಿಗೆ ಬೇರೆಯದೇ ಅನುಮಾನ: ಇಪ್ಪತ್ತು, ಮೂವತ್ತು ವರ್ಷ ಸುಮ್ನಿದ್ದವರು ಈಗ ಯಾಕೆ ಬಾಯಿ ಬಿಡುತ್ತಾರೆ?

ಈ ಎರಡನೇ ಪ್ರಶ್ನೆ ನಮ್ಮಲ್ಲೂ ಆಗಾಗ ಕೇಳಿಬರುತ್ತದೆ. ಯಾರಾದರೂ ಹಳೆಯ ದೌರ್ಜನ್ಯದ ಬಗ್ಗೆ ಮಾತಾಡಿದ ಕೂಡಲೇ ಮೊದಲು ಬರುವುದೇ ಇದು. ಇದಕ್ಕೆ ಕಾನೂನಿನ ಪುಸ್ತಕಕ್ಕಿಂತ ಸ್ಪಷ್ಟವಾದ ಉತ್ತರ 2018ರ ಒಂದು ಟಿವಿ ಧಾರಾವಾಹಿಯಲ್ಲಿದೆ. ಹೆಸರು ‘ಪ್ಯಾಟ್ರಿಕ್ ಮೆಲ್ರೋಸ್’. ಅಮೆರಿಕದಲ್ಲಿ ಶೋಟೈಮ್, ಬ್ರಿಟನ್ನಿನಲ್ಲಿ ಸ್ಕೈ ಅಟ್ಲಾಂಟಿಕ್ ಚಾನೆಲ್‌ನಲ್ಲಿ ಬಂತು. ಒಟ್ಟು ಐದೇ ಕಂತು. ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮುಖ್ಯ ಪಾತ್ರದಲ್ಲಿದ್ದಾರೆ. 2019ರಲ್ಲಿ ಇದಕ್ಕೆ ಅತ್ಯುತ್ತಮ ಕಿರು ಧಾರಾವಾಹಿ ಮತ್ತು ಅತ್ಯುತ್ತಮ ನಟ, ಎರಡೂ ಬಾಫ್ಟಾ ಪ್ರಶಸ್ತಿ ಬಂದವು.

ಕತೆಯ ಮೂಲ ಎಡ್ವರ್ಡ್ ಸೇಂಟ್ ಆಬಿನ್ ಬರೆದ ಐದು ಕಾದಂಬರಿಗಳು. ಚಿಕ್ಕಂದಿನಲ್ಲಿ ಸ್ವಂತ ತಂದೆಯೇ ತನ್ನ ಮೇಲೆ ಅತ್ಯಾಚಾರ ಮಾಡಿದ್ದು, ಆಮೇಲೆ ತಾನು ಹೆರಾಯಿನ್ ಚಟಕ್ಕೆ ಬಿದ್ದದ್ದು, ಎರಡನ್ನೂ ಲೇಖಕರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಮೊದಲು ಚಟ, ಆಮೇಲೆ ಕಾರಣ

ಮೊದಲ ದೃಶ್ಯ, 1982. ಫೋನ್ ರಿಂಗಾಗುತ್ತದೆ. ಪ್ಯಾಟ್ರಿಕ್ ಎತ್ತಿಕೊಳ್ಳುತ್ತಾನೆ. ಅಪ್ಪ ನ್ಯೂಯಾರ್ಕಿನಲ್ಲಿ ತೀರಿಕೊಂಡ ಸುದ್ದಿ. ಅವನ ಮಾತು ನಿಧಾನವಾಗುತ್ತದೆ, ಮೈ ಬಾಗುತ್ತದೆ. ದುಃಖಕ್ಕೆ ಕುಸಿಯುತ್ತಿದ್ದಾನೆ ಅಂದುಕೊಳ್ಳುತ್ತೇವೆ. ಆಮೇಲೆ ಗೊತ್ತಾಗುತ್ತದೆ, ಅವನು ಬಗ್ಗಿದ್ದು ನೆಲಕ್ಕೆ ಬಿದ್ದ ಸಿರಿಂಜು ಎತ್ತಿಕೊಳ್ಳಲು. ಆಗಷ್ಟೇ ಹೆರಾಯಿನ್ ಚುಚ್ಚಿಕೊಂಡಿದ್ದಾನೆ.

ಮುಂದೆ ಒಂದು ಗಂಟೆ ನ್ಯೂಯಾರ್ಕ್. ಅಪ್ಪನ ಚಿತಾಭಸ್ಮ ತರಲು ಹೋದವನು ಹೋಟೆಲ್ ರೂಮು ಹಾಳು ಮಾಡುತ್ತಾನೆ, ಡ್ರಗ್ಸ್ ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಾನೆ, ಸಿಕ್ಕವರನ್ನೆಲ್ಲ ಚುಚ್ಚಿ ಮಾತಾಡುತ್ತಾನೆ. ನೋಡುವವರಿಗೆ ಅವನ ಮೇಲೆ ಸಿಟ್ಟು ಬರುತ್ತದೆ. ದುಡ್ಡಿದೆ, ಓದಿದ್ದಾನೆ, ಇವನಿಗೇನು ಕಡಿಮೆಯಾಗಿದೆ ಅನ್ನಿಸುತ್ತದೆ.

ಎರಡನೇ ಕಂತು 1967ಕ್ಕೆ, ದಕ್ಷಿಣ ಫ್ರಾನ್ಸಿನ ಅವರ ಬೇಸಿಗೆ ಮನೆಗೆ ಹೋಗುತ್ತದೆ. ಪ್ಯಾಟ್ರಿಕ್ ಇನ್ನೂ ಸಣ್ಣ ಹುಡುಗ. ಅಪ್ಪ ಕೋಣೆಗೆ ಕರೆಯುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಕ್ಯಾಮೆರಾ ಹೊರಗೇ ಉಳಿಯುತ್ತದೆ.

ಕಾದಂಬರಿಗಳಲ್ಲಿ ಈ ಕ್ರಮ ತಿರುಗಾಮುರುಗಾ. ಅಲ್ಲಿ ಮೊದಲು ಬಾಲ್ಯ, ನಂತರ ಹೆರಾಯಿನ್. ಚಿತ್ರಕತೆ ಬರೆದ ಡೇವಿಡ್ ನಿಕೋಲ್ಸ್ ಮತ್ತು ನಿರ್ದೇಶಕ ಎಡ್ವರ್ಡ್ ಬರ್ಗರ್ ಉಳಿದ ಮೂರು ಕಂತುಗಳನ್ನು ಕಾದಂಬರಿಯ ಕ್ರಮದಲ್ಲೇ ಇಟ್ಟು, ಮೊದಲೆರಡನ್ನು ಮಾತ್ರ ಅದಲುಬದಲು ಮಾಡಿದರು. ಈ ಧಾರಾವಾಹಿಯ ಅತಿ ದೊಡ್ಡ ಸಾಧನೆ ಇದೇ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ನಿಜ ಜೀವನದಲ್ಲೂ ನಮಗೆ ಮೊದಲು ಕಾಣುವುದು ಚಟವೇ. ಕುಡಿದು ಬಿದ್ದ ಮನುಷ್ಯ ಕಾಣುತ್ತಾನೆ. ಅವನ ಎಂಟನೇ ವಯಸ್ಸು ಯಾರಿಗೂ ಕಾಣುವುದಿಲ್ಲ.

ಹದಿನೆಂಟು ಕಿಲೋ

ಬಾಲ್ಯದ ದೌರ್ಜನ್ಯಕ್ಕೂ ಮುಂದಿನ ಚಟಕ್ಕೂ ನಂಟಿದೆ ಅನ್ನುವುದು ಬರೀ ಕತೆಗಾರರ ಊಹೆಯಲ್ಲ. ಅದು ಬೆಳಕಿಗೆ ಬಂದ ರೀತಿಯೇ ಮನಸ್ಸು ಕಲಕುವಂಥದ್ದು.

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಎಂಬುವರು ಬೊಜ್ಜು ಕರಗಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ನಡುವೆ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಕಾರಣ ತಿಳಿಯಲು ಅವರು ರೋಗಿಗಳಿಗೆ ಪ್ರಶ್ನೆ ಕೇಳತೊಡಗಿದರು. ಒಬ್ಬ ಮಹಿಳೆಗೆ ‘ಮೊದಲ ಲೈಂಗಿಕ ಸಂಪರ್ಕ ಆದಾಗ ವಯಸ್ಸೆಷ್ಟು’ ಎಂದು ಕೇಳಲು ಹೋಗಿ, ಬಾಯಿ ತಪ್ಪಿ ‘ಆಗ ತೂಕ ಎಷ್ಟಿತ್ತು’ ಎಂದು ಕೇಳಿಬಿಟ್ಟರು. ನಲವತ್ತು ಪೌಂಡ್ ಎಂದರು ಆಕೆ. ಅಂದರೆ ಸುಮಾರು ಹದಿನೆಂಟು ಕಿಲೋ. ನಾಲ್ಕು ವರ್ಷದ ಮಗುವಿನ ತೂಕ. ಮಾಡಿದವನು ಆಕೆಯ ತಂದೆ.

ಆಮೇಲೆ ಎಲ್ಲರನ್ನೂ ಕೇಳಿದಾಗ ಇಂಥ ಕತೆಗಳು ಒಂದರ ಹಿಂದೆ ಒಂದು ಬಂದವು. ಅಂಥ ಹಲವರಿಗೆ ಬೊಜ್ಜು ಒಂದು ಗುರಾಣಿಯಾಗಿತ್ತು. ವೈದ್ಯರಿಗೆ ಸಮಸ್ಯೆಯಾಗಿ ಕಂಡದ್ದು ಅವರ ಮಟ್ಟಿಗೆ ಪರಿಹಾರ. ಚಟದ ವಿಷಯದಲ್ಲೂ ಇದೇ ತರ್ಕ.

ಇದರ ಬೆನ್ನು ಹತ್ತಿ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ದೊಡ್ಡ ಅಧ್ಯಯನ ಮಾಡಿದರು. 1998ರಲ್ಲಿ ಮೊದಲ ವರದಿ ಬಂತು. ದೌರ್ಜನ್ಯ, ಮನೆಯಲ್ಲಿ ಹೊಡೆತ ಬಡಿತ, ಕುಡುಕ ಹೆತ್ತವರು ಇಂಥ ಕೆಟ್ಟ ಅನುಭವಗಳನ್ನು ಬಗೆಬಗೆಯಾಗಿ ಎಣಿಸಿದರು. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಬಗೆಯ ಅನುಭವ ಇದ್ದವರಲ್ಲಿ ಕುಡಿತದ ಚಟ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಪ್ರಯತ್ನದ ಅಪಾಯ, ಒಂದೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಇದು ದೊಡ್ಡ ಗುಂಪಿನ ಲೆಕ್ಕ, ಒಬ್ಬೊಬ್ಬರ ಹಣೆಬರಹ ಅಲ್ಲ. ದೌರ್ಜನ್ಯ ಅನುಭವಿಸಿದವರೆಲ್ಲ ಚಟಕ್ಕೆ ಬೀಳುವುದಿಲ್ಲ. ಚಟ ಇರುವವರೆಲ್ಲರ ಹಿಂದೆ ದೌರ್ಜನ್ಯವೂ ಇರುವುದಿಲ್ಲ. ದೊಡ್ಡವರಾದ ಮೇಲೆ ನೆನಪು ಮಾಡಿಕೊಂಡು ಹೇಳಿದ ಉತ್ತರಗಳ ಮೇಲೆ ಈ ಅಧ್ಯಯನ ನಿಂತಿದೆ ಅನ್ನುವ ಟೀಕೆಯೂ ಇದೆ. ಆದರೂ ಅಪಾಯ ಇಷ್ಟು ಪಟ್ಟು ಏರುವುದನ್ನು ತಳ್ಳಿಹಾಕುವುದು ಕಷ್ಟ.

ಮಾತು ಯಾಕೆ ತಡವಾಗುತ್ತದೆ

ಎರಡನೇ ಕಂತಿನಲ್ಲಿ ಒಂದು ರಾತ್ರಿ ಊಟದ ದೃಶ್ಯವಿದೆ. ದೊಡ್ಡವರೆಲ್ಲ ಮೇಜಿನ ಸುತ್ತ ಕೂತಿದ್ದಾರೆ. ಹುಡುಗ ಒಬ್ಬನೇ ಮೆಟ್ಟಿಲ ಮೇಲೆ ಕೂತಿದ್ದಾನೆ. ಅತಿಥಿಯಾಗಿ ಬಂದ ಆ್ಯನ್ ಎಂಬಾಕೆ ಅವನನ್ನು ನೋಡಿ, ಅಮ್ಮನನ್ನು ಕಳಿಸುತ್ತೇನೆ ಅಂತ ಮಾತು ಕೊಡುತ್ತಾಳೆ. ಬಂದು ಹೇಳುತ್ತಾಳೆ. ಅಮ್ಮ ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಅಪ್ಪ ತಡೆಯುತ್ತಾನೆ. ಅಮ್ಮ ಹೋಗುವುದಿಲ್ಲ. ಊಟ ಮುಂದುವರಿಯುತ್ತದೆ. ಹುಡುಗ ಅಲ್ಲೇ ಕಾಯುತ್ತಾನೆ.

ಮಗು ಯಾಕೆ ಹೇಳಲಿಲ್ಲ ಅಂತ ಕೇಳುವವರು ಈ ಒಂದು ದೃಶ್ಯ ನೋಡಿದರೆ ಸಾಕು. ಮಗುವಿಗೆ ಅನ್ನ ಹಾಕುವವನೇ ನೋಯಿಸುವವನೂ ಆಗಿದ್ದಾನೆ. ಕಾಪಾಡಬೇಕಾದ ಅಮ್ಮನೂ ಅವನಿಗೆ ಹೆದರಿದ್ದಾಳೆ. ತನಗಾದದ್ದಕ್ಕೆ ಏನು ಹೆಸರು ಅಂತಲೂ ಮಗುವಿಗೆ ಗೊತ್ತಿಲ್ಲ. ತಾನೇ ಏನೋ ತಪ್ಪು ಮಾಡಿರಬೇಕು ಅಂತ ಅದು ಲೆಕ್ಕ ಹಾಕಿಕೊಳ್ಳುತ್ತದೆ. ಯಾಕೆಂದರೆ ಅಪ್ಪ ಕೆಟ್ಟವನು ಎಂದು ಒಪ್ಪಿಕೊಂಡರೆ ಆ ಮನೆಯಲ್ಲಿ ಮಲಗಿ ಏಳುವುದಾದರೂ ಹೇಗೆ?

ಹೀಗೆ ಒಳಗಿಟ್ಟ ಭಯ ಮೈಯಲ್ಲಿ ಉಳಿದುಬಿಡುತ್ತದೆ. ಅಪಾಯ ಬಂದಾಗ ಹೊಡೆದುಕೊಳ್ಳಬೇಕಾದ ಗಂಟೆ ಸದಾ ಹೊಡೆದುಕೊಳ್ಳುತ್ತಲೇ ಇರುತ್ತದೆ. ನಿದ್ದೆ ಬರುವುದಿಲ್ಲ. ಯಾರನ್ನೂ ನಂಬಲು ಆಗುವುದಿಲ್ಲ. ಹದಿಹರೆಯದಲ್ಲಿ ಸಿಗುವ ಮದ್ಯವೋ ಡ್ರಗ್ಸೋ ಆ ಗಂಟೆಯನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಹೆರಾಯಿನ್‌ನಂಥ ಅಫೀಮಿನ ಜಾತಿಯ ಪದಾರ್ಥಗಳು ಮೈನೋವಿನ ಜೊತೆಗೆ ಮನಸ್ಸಿನ ನೋವನ್ನೂ ಮಂಕು ಮಾಡುತ್ತವೆ. ಆಮೇಲೆ ಪದಾರ್ಥ ಜಾಸ್ತಿ ಬೇಕಾಗುತ್ತದೆ, ಬಿಟ್ಟರೆ ಮೈ ನಡುಗುತ್ತದೆ, ಮೊದಲಿನ ನೋವಿನ ಮೇಲೆ ಎರಡನೇ ನೋವು ಕೂರುತ್ತದೆ. ಚಟದ ವರ್ಷಗಳೂ ಮೌನದ ವರ್ಷಗಳೂ ಒಂದೇ ಆಗಿಬಿಡುವುದು ಹೀಗೆ.

ಆಸ್ಟ್ರೇಲಿಯಾದಲ್ಲಿ ಸಂಸ್ಥೆಗಳೊಳಗೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ತನಿಖೆಗೆ ನೇಮಿಸಿದ್ದ ರಾಯಲ್ ಕಮಿಷನ್ ಎಂಬ ಆಯೋಗ 2013ರಿಂದ 2017ರವರೆಗೆ ಸಾವಿರಾರು ಸಂತ್ರಸ್ತರ ಮಾತು ಕೇಳಿತು. ಅವರು ಯಾರಿಗಾದರೂ ಮೊದಲ ಸಲ ಹೇಳಿಕೊಳ್ಳಲು ತೆಗೆದುಕೊಂಡದ್ದು ಸರಾಸರಿ 24 ವರ್ಷದಷ್ಟು ಕಾಲ.

ಗಡುವು ಓಡುವ ವಯಸ್ಸು

ಈಗ ಬ್ರಿಟನ್ನಿನ ಕಾನೂನಿಗೆ ಬರೋಣ. ಅಲ್ಲಿ ಇಂಥ ಗಂಭೀರ ಅಪರಾಧಕ್ಕೆ ಕ್ರಿಮಿನಲ್ ಕೇಸು ಹಾಕಲು ಗಡುವಿಲ್ಲ. ಎಷ್ಟು ವರ್ಷವಾದರೂ ಹಾಕಬಹುದು. ಗಡುವು ಇದ್ದದ್ದು ಪರಿಹಾರ ಕೇಳುವ ಸಿವಿಲ್ ದಾವೆಗೆ. 18 ತುಂಬಿದ ಮೇಲೆ ಮೂರು ವರ್ಷ, ಅಂದರೆ 21ಕ್ಕೆ ಮುಗಿಯಿತು. ಆಮೇಲೂ ದಾವೆ ಹೂಡಬಹುದು, ಆದರೆ ತಡವಾದರೂ ನ್ಯಾಯಯುತ ವಿಚಾರಣೆ ಸಾಧ್ಯ ಅಂತ ನ್ಯಾಯಾಧೀಶರಿಗೆ ಒಪ್ಪಿಸುವ ಹೊರೆ ಸಂತ್ರಸ್ತರದ್ದೇ.

ಈ ಲೆಕ್ಕವನ್ನು ಪ್ಯಾಟ್ರಿಕ್‌ನ ವಯಸ್ಸಿಗೆ ಹೊಂದಿಸಿ ನೋಡಿ. ಕತೆಯಲ್ಲಿ ಕೃತ್ಯ ನಡೆದದ್ದು ಫ್ರಾನ್ಸಿನಲ್ಲಿ, ಹಾಗಾಗಿ ಕಾನೂನು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ವಯಸ್ಸು ಹೇಳುವ ಸತ್ಯ ಬೇರೆ. 1982ರಲ್ಲಿ ಸಿರಿಂಜು ಹಿಡಿದು ನೆಲಕ್ಕೆ ಬಾಗಿದವನಿಗೆ ಇಪ್ಪತ್ತೆರಡರ ಆಸುಪಾಸು. ಗಡುವು ಅಷ್ಟರಲ್ಲಿ ಮುಗಿದಿರುತ್ತಿತ್ತು. ಗೆಳೆಯ ಜಾನಿಗೆ ಮೊದಲ ಸಲ ವಿಷಯ ಹೇಳುವುದು ಮೂರನೇ ಕಂತಿನಲ್ಲಿ, 1990ರಲ್ಲಿ, ಮೂವತ್ತರ ಹೊತ್ತಿಗೆ. ಹೆರಾಯಿನ್ ಬಿಟ್ಟ ಮೇಲೆ. ಮನುಷ್ಯ ಅತ್ಯಂತ ಕುಗ್ಗಿದ್ದ ಮೂರು ವರ್ಷವನ್ನೇ ಕಾನೂನು ಅವನ ಅವಕಾಶ ಅಂತ ಎಣಿಸುತ್ತಿತ್ತು.

ಪ್ರೊ. ಅಲೆಕ್ಸಿಸ್ ಜೇ ನೇತೃತ್ವದ ಸ್ವತಂತ್ರ ತನಿಖಾ ಸಮಿತಿ 2022ರ ಅಕ್ಟೋಬರಿನಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ ಈ ಗಡುವು ತೆಗೆಯಲು ಶಿಫಾರಸು ಮಾಡಿತ್ತು. ಸರ್ಕಾರದ ಪ್ರಸ್ತಾವದಲ್ಲಿ ಹೊರೆ ಪಕ್ಷ ಬದಲಿಸುತ್ತದೆ. ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲ ಎಂದು ತೋರಿಸಬೇಕಾದವರು ಇನ್ನು ಎದುರು ಪಕ್ಷದವರು. ಸ್ಕಾಟ್ಲೆಂಡ್ 2017ರಲ್ಲೇ ಇಂಥ ಕಾನೂನು ಮಾಡಿತ್ತು. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಸಿವಿಲ್ ದಾವೆಯ ವಯಸ್ಸಿನ ಮಿತಿಯನ್ನು 55ಕ್ಕೆ ಏರಿಸಿತು.

ಗಡುವು ಇರಲಿ ಅನ್ನುವವರ ಮಾತು

ಈ ಕಡೆಯ ವಾದವನ್ನೂ ಗಮನವಿಟ್ಟು ಕೇಳಬೇಕು. ಮೂವತ್ತು ವರ್ಷದಲ್ಲಿ ಸಾಕ್ಷಿಗಳು ಸಾಯುತ್ತಾರೆ, ದಾಖಲೆ ಕಳೆದುಹೋಗುತ್ತದೆ, ನೆನಪು ಮಸುಕಾಗುತ್ತದೆ. ತಪ್ಪು ಮಾಡದವನ ಮೇಲೆ ಆರೋಪ ಬಂದರೆ, ಆ ದಿನ ತಾನು ಎಲ್ಲಿದ್ದೆ ಅಂತ ತೋರಿಸಲು ಅವನ ಬಳಿ ಏನೂ ಉಳಿದಿರುವುದಿಲ್ಲ. ದಾವೆ ಒಂದು ಸಂಸ್ಥೆಯ ಮೇಲಾದರೆ, ಆಗಿನ ಆಡಳಿತ ಮಂಡಳಿಯವರು ಈಗ ಯಾರೂ ಇರುವುದಿಲ್ಲ, ಇಂದಿನವರು ಬೆಲೆ ತೆರಬೇಕಾಗುತ್ತದೆ.

ಇದರ ಆರ್ಥಿಕ ಪರಿಣಾಮ ಅಮೆರಿಕದಲ್ಲಿ ಕಂಡಿದೆ. ಹಲವು ರಾಜ್ಯಗಳು ಗಡುವು ಸಡಿಲಿಸಿದ ಮೇಲೆ ಅಲ್ಲಿನ ಬಾಯ್ ಸ್ಕೌಟ್ಸ್ ಸಂಸ್ಥೆ 2020ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. 82,000ಕ್ಕೂ ಹೆಚ್ಚು ಜನ ಪರಿಹಾರ ಕೇಳಿ ಮುಂದೆ ಬಂದರು. ಒಂದು ಪಕ್ಷಕ್ಕೆ ಇದು ಗಡುವು ತೆಗೆಯುವುದರ ಅಪಾಯ ತೋರಿಸುವ ಅಂಕಿ. ನನಗೆ ಅದರಲ್ಲಿ ಮೊದಲು ಕಾಣುವುದು ಅಷ್ಟು ಜನ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರು ಅನ್ನುವುದು. ಸಾಕ್ಷ್ಯ ಹಳತಾದರೆ ಕೋರ್ಟು ಅದನ್ನು ತೂಗಿ ನೋಡಲಿ. ತೂಗಿ ನೋಡುವ ಮೊದಲೇ ಬಾಗಿಲು ಹಾಕುವುದು ಬೇರೆ ವಿಷಯ.

ಆದರೆ ಈ ಸುಧಾರಣೆಯಿಂದ ಪ್ಯಾಟ್ರಿಕ್‌ನಂಥವರಿಗೆ ಆಗುವ ಲಾಭ ಕಡಿಮೆ. ಪರಿಹಾರದ ದಾವೆಯಿಂದ ಏನಾದರೂ ಸಿಗಬೇಕಾದರೆ ಸಾಮಾನ್ಯವಾಗಿ ಎದುರಿಗೆ ದುಡ್ಡು ಕೊಡಬಲ್ಲ ಒಂದು ಸಂಸ್ಥೆ ಇರಬೇಕು: ಶಾಲೆ, ಚರ್ಚು, ಕ್ಲಬ್ಬು. ಅಪ್ಪನೇ ಮಾಡಿದ್ದರೆ ಯಾರ ಮೇಲೆ ದಾವೆ? ಅವನು ಸತ್ತಿದ್ದರೆ? ಧಾರಾವಾಹಿ ಶುರುವಾಗುವುದೇ ಆರೋಪಿ ಸತ್ತ ಸುದ್ದಿಯಿಂದ. ಐದು ಕಂತಿನಲ್ಲಿ ಪ್ಯಾಟ್ರಿಕ್ ಈ ವಿಷಯಕ್ಕೆ ಕೋರ್ಟು ಕಚೇರಿ ಮೆಟ್ಟಿಲು ಹತ್ತುವುದಿಲ್ಲ.

ನಮ್ಮಲ್ಲಿ ಲೆಕ್ಕ ಹೇಗಿದೆ

ಭಾರತದಲ್ಲಿ ಇಂಥ ಸಿವಿಲ್ ದಾವೆ ಅಪರೂಪ. ಇಲ್ಲಿ ಚರ್ಚೆ ಕ್ರಿಮಿನಲ್ ಕೇಸಿನದ್ದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಅದರಡಿ ದೂರು ಕೊಡಲು ಕಾಲಮಿತಿ ಇಲ್ಲ ಎಂದು 2018ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ದೊಡ್ಡವರಾದ ಮೇಲೂ ದೂರು ಕೊಡಬಹುದು.

ತೊಡಕಿರುವುದು ಅದಕ್ಕೂ ಹಿಂದಿನ ಕೃತ್ಯಗಳಲ್ಲಿ. ಕೃತ್ಯ ನಡೆದಾಗ ಇಲ್ಲದ ಕಾನೂನಿನಡಿ ಶಿಕ್ಷೆ ಕೊಡಬಾರದು ಅನ್ನುವುದು ಸಂವಿಧಾನದ 20ನೇ ವಿಧಿ. ಹಾಗಾಗಿ ಹಳೆ ಕೃತ್ಯಕ್ಕೆ ಹಳೆ ದಂಡಸಂಹಿತೆಯೇ ಗತಿ. ಒಂದು ಉದಾಹರಣೆ ನೋಡಿ. 1995ರಲ್ಲಿ 8 ವರ್ಷದ ಹುಡುಗಿಯ ಮೈಮೇಲೆ ಯಾರೋ ಕೈಹಾಕಿದರು. ಆಗ 354ನೇ ಕಲಮಿನಡಿ ಗರಿಷ್ಠ ಶಿಕ್ಷೆ ಎರಡು ವರ್ಷ. ಅಂಥ ಅಪರಾಧಕ್ಕೆ ಕೋರ್ಟು ಕೇಸು ಕೈಗೆತ್ತಿಕೊಳ್ಳಲು ಇದ್ದ ಮಿತಿ ಮೂರು ವರ್ಷ. ಅಂದರೆ 1998ಕ್ಕೆ ಮುಗಿಯಿತು. ಅವಳಿಗಾಗ 11. ನ್ಯಾಯದ ಹಿತಕ್ಕಾಗಿ ತಡವನ್ನು ಮನ್ನಿಸುವ ಅಧಿಕಾರ ಕೋರ್ಟಿಗೆ ಇತ್ತು ನಿಜ, ಆದರೆ ಅದು ಹಕ್ಕಲ್ಲ. ಅತ್ಯಾಚಾರದಂಥ ದೊಡ್ಡ ಶಿಕ್ಷೆಯ ಅಪರಾಧಕ್ಕೆ ಮಿತಿ ಇರಲಿಲ್ಲ. ಇನ್ನು ಹುಡುಗರ ಪಾಡು ಮತ್ತೂ ಕಷ್ಟ. ‘ಪ್ರಕೃತಿಗೆ ವಿರುದ್ಧವಾದ’ ಲೈಂಗಿಕ ಕ್ರಿಯೆಯ 377ನೇ ಕಲಂ ಬಿಟ್ಟರೆ ಅವರ ಮೇಲಿನ ಲೈಂಗಿಕ ದೌರ್ಜನ್ಯವನ್ನು ಆ ಹೆಸರಿನಿಂದ ಕರೆಯುವ ಕಲಮೇ ಇರಲಿಲ್ಲ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ಪ್ರಕಟಿಸಿತ್ತು. ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದಿದ್ದರು. ಅವರಲ್ಲಿ ಹುಡುಗರ ಪಾಲು ಅರ್ಧಕ್ಕಿಂತ ತುಸು ಜಾಸ್ತಿ. ಗಂಡು ಹುಡುಗ ಅಲ್ವಾ, ಅವನಿಗೇನಾಗುತ್ತೆ ಅನ್ನುವ ಮಾತು ಎಷ್ಟು ತಪ್ಪು ಎಂದು ಆ ವರದಿ ತೋರಿಸಿತು.

ಟಿವಿಗೂ ಇದಕ್ಕೂ ನಮ್ಮಲ್ಲೊಂದು ನಂಟಿದೆ. ಆಮೀರ್ ಖಾನ್ ನಡೆಸಿಕೊಟ್ಟ ಹಿಂದಿಯ ‘ಸತ್ಯಮೇವ ಜಯತೇ’ ಕಾರ್ಯಕ್ರಮ ಮಕ್ಕಳ ಲೈಂಗಿಕ ದೌರ್ಜನ್ಯದ ಕಂತನ್ನು 2012ರ ಮೇ 13ರಂದು ಪ್ರಸಾರ ಮಾಡಿತು. ಪೋಕ್ಸೊ ಮಸೂದೆಗೆ ಲೋಕಸಭೆ ಒಪ್ಪಿದ್ದು ಅದೇ ಮೇ 22ರಂದು. ಹಾಗಂತ ಕಾರ್ಯಕ್ರಮದಿಂದಲೇ ಕಾನೂನು ಬಂತು ಅನ್ನಲಾಗದು. ರಾಜ್ಯಸಭೆ ಅದನ್ನು ಆಗಲೇ ಒಪ್ಪಿತ್ತು. ಆದರೆ ಲಕ್ಷಾಂತರ ಮನೆಗಳಲ್ಲಿ ಈ ಮಾತು ಬಾಯಿಗೆ ಬಂದದ್ದು ಆ ಭಾನುವಾರ. ತಮಿಳು, ತೆಲುಗಿನಲ್ಲೂ ಆ ಕಾರ್ಯಕ್ರಮ ಬಂತು. ಡಬ್ಬಿಂಗ್‌ಗೆ ಚಿತ್ರರಂಗದ ವಿರೋಧ ಇದ್ದ ಕಾರಣ ಕನ್ನಡದಲ್ಲಿ ಮಾತ್ರ ಟಿವಿಗೆ ಬರಲಿಲ್ಲ. ಡಬ್ಬಿಂಗ್ ಬೇಕೋ ಬೇಡವೋ ಅನ್ನುವ ವಾದ ಏನೇ ಇರಲಿ, ಸುರಕ್ಷಿತ ಸ್ಪರ್ಶ ಯಾವುದು, ಯಾರಿಗೆ ಹೇಳಬೇಕು ಅನ್ನುವುದನ್ನು ತನ್ನದೇ ಭಾಷೆಯಲ್ಲಿ ಕೇಳುವ ಒಂದು ಅವಕಾಶ ಕನ್ನಡದ ಮಕ್ಕಳಿಗೆ ತಪ್ಪಿತು. ಹೇಳಲು ಪದ ಇಲ್ಲದ ಮಗು ಹೇಳುವುದಾದರೂ ಹೇಗೆ?

ಬಿಟ್ಟ ಮೇಲೆ ಏನು

ಧಾರಾವಾಹಿಯ ಮೇಲೆ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಮೊದಲ ಕಂತು ಬಹಳ ಚುರುಕು, ಬಹಳ ಥಳಕು. ಡ್ರಗ್ಸ್ ಬದುಕಿಗೆ ಮೆರುಗು ಕೊಟ್ಟಂತೆ ಆಗಲಿಲ್ಲವೇ? ಅದನ್ನಷ್ಟೇ ನೋಡಿ ಬಿಟ್ಟವರಿಗೆ ಹಾಗನ್ನಿಸಬಹುದು. ನಾಲ್ಕನೇ ಕಂತಿನವರೆಗೆ ಬಂದವರಿಗೆ ಆ ಅನುಮಾನ ಉಳಿಯುವುದು ಕಷ್ಟ. ಅಲ್ಲಿ 2003. ಪ್ಯಾಟ್ರಿಕ್‌ಗೆ ಮದುವೆಯಾಗಿದೆ, ಮಕ್ಕಳಿದ್ದಾರೆ, ಹೆರಾಯಿನ್ ಬಿಟ್ಟು ವರ್ಷಗಳಾಗಿವೆ. ಈಗ ಕೈಯಲ್ಲಿ ವಿಸ್ಕಿ. ಹೆಂಡತಿ ಮೇರಿ ದೂರವಾಗುತ್ತಿದ್ದಾಳೆ. ತನ್ನೊಳಗಿನ ವಿಷ ಮಕ್ಕಳಿಗೂ ಇಳಿಯುತ್ತದೆ ಅನ್ನುವ ಭಯ ಅವನನ್ನು ಬಿಟ್ಟಿಲ್ಲ.

ಗುಣವಾಗುವ ಕತೆಗಳು ಸಾಮಾನ್ಯವಾಗಿ ಮುಚ್ಚಿಡುವುದು ಇದನ್ನೇ. ಪದಾರ್ಥ ಬಿಡಿಸಿದರೆ ಅರ್ಧ ಕೆಲಸ ಆದಂತೆ. ಅದು ಮುಚ್ಚಿಟ್ಟಿದ್ದ ಗಾಯಕ್ಕೆ ಮದ್ದು ಹಚ್ಚದಿದ್ದರೆ ಅದು ಇನ್ನೊಂದು ಪದಾರ್ಥ ಹುಡುಕಿಕೊಳ್ಳುತ್ತದೆ. ಇನ್ನೊಂದು ವಿಷಯವನ್ನೂ ಮರೆಯಬಾರದು. ಪ್ಯಾಟ್ರಿಕ್ ಸಿರಿವಂತ. ಬಿದ್ದಾಗಲೆಲ್ಲ ಹಿಡಿದುಕೊಳ್ಳಲು ದುಡ್ಡಿತ್ತು, ಒಳ್ಳೆ ಚಿಕಿತ್ಸೆ ಸಿಕ್ಕಿತು. ಕೂಲಿ ಮಾಡುವವನಿಗೆ ಆ ಅನುಕೂಲ ಇಲ್ಲ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಆದರೆ ಚಿಕಿತ್ಸೆಯ ಕೋಣೆಯಲ್ಲೂ ಒಂದು ಕಗ್ಗಂಟಿದೆ. ಪೋಕ್ಸೊ 19ನೇ ಕಲಂ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಇದು ವೈದ್ಯರಿಗೂ ಆಪ್ತಸಮಾಲೋಚಕರಿಗೂ ಅನ್ವಯಿಸುತ್ತದೆ. ಈ ನಿಯಮ ಬೇಕು ಅನ್ನುವವರ ಮಾತು ನ್ಯಾಯವಾದದ್ದು: ಆ ವ್ಯಕ್ತಿ ಇವತ್ತು ಬೇರೆ ಮಕ್ಕಳ ಹತ್ತಿರವೂ ಇರಬಹುದು. ವಿರೋಧಿಸುವವರ ಮಾತಿನಲ್ಲೂ ಹುರುಳಿದೆ: ಹೇಳಿದ ಕೂಡಲೇ ಪೊಲೀಸ್ ಬರುತ್ತಾರೆ ಅಂದರೆ ಯಾರೂ ಬಾಯಿ ಬಿಡುವುದಿಲ್ಲ, ಚಿಕಿತ್ಸೆಯೂ ಸಾಗುವುದಿಲ್ಲ. ಬ್ರಿಟನ್ ಸರ್ಕಾರ 2025ರಲ್ಲಿ ತಂದ ಮಸೂದೆಯಲ್ಲೂ ಕಡ್ಡಾಯ ವರದಿಯ ನಿಯಮ ಇತ್ತು. ಅಲ್ಲೂ ಇದೇ ಜಗ್ಗಾಟ.

ನಮಗೆ ಇದು ಸದ್ಯದಲ್ಲೇ ದೊಡ್ಡ ಪ್ರಶ್ನೆಯಾಗಲಿದೆ. ಪೋಕ್ಸೊ ಬಂದಾಗ ಎಂಟು ವರ್ಷದವರಾಗಿದ್ದ ಮಕ್ಕಳು ಈಗ ಇಪ್ಪತ್ತು ದಾಟಿದ್ದಾರೆ. ಮೊದಲ ಕಂತಿನ ಪ್ಯಾಟ್ರಿಕ್‌ನ ವಯಸ್ಸು. ಅವರಲ್ಲಿ ಕೆಲವರು ಮುಂದಿನ ವರ್ಷಗಳಲ್ಲಿ ಕುಡಿತ ಬಿಡಿಸಿ, ಗಾಂಜಾ ಬಿಡಿಸಿ ಅಂತ ಅಮ್ಮನ ಜೊತೆಗೋ ಅಣ್ಣನ ಜೊತೆಗೋ ವ್ಯಸನಮುಕ್ತಿ ಕೇಂದ್ರಗಳಿಗೆ ಬರುತ್ತಾರೆ. ದಿನಕ್ಕೆ ಎಷ್ಟು ಕುಡಿಯುತ್ತೀಯ, ಯಾವಾಗಿಂದ ಶುರು ಅಂತ ಅಲ್ಲಿನ ಫಾರಂ ಕೇಳುತ್ತದೆ. ಅದಕ್ಕೂ ಮುಂಚೆ ಏನಾಗಿತ್ತು ಅಂತ ಯಾರಾದರೂ ಕೇಳಬೇಕು. ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಕೇಳಬೇಕು.